ಹಿರಿಯರು ಇರುವಾಗಲೇ: ನಿನ್ನೆಯ ನೆಲದ ಪ್ರಣಾಳಿಕೆ

ಹೆಗ್ಗೋಡಿನಲ್ಲಿ ಸೇರಿದ ನಾವು, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರು, ಮುಂದೆ ಜೊತೆಯಾಗಲಿರುವ ಒಡನಾಡಿಗಳಿಗೆ ಸಾರುತ್ತೇವೆ: ನಿನ್ನೆಯ ಬದುಕೂ ಇತಿಹಾಸ. ಅದನ್ನು ಅಗೆದು ಓದುವ ಹಕ್ಕು ಅದನ್ನು ಬಾಳಿದವರದು.

ಹಳೆಯ ಪುರಾತತ್ವ ಕೆಳದಿ, ಇಕ್ಕೇರಿಗಳ ದೇಗುಲ ಕಂಡಿತು. ಒಕ್ಕಲಿನ ಮನೆಯ ಒರಳುಕಲ್ಲು ಅದರ ಕಣ್ಣಿಗೆ ಬೀಳಲಿಲ್ಲ. 1958ರ ಸ್ಮಾರಕ ಸಂರಕ್ಷಣಾ ಕಾಯಿದೆಯ ಪ್ರಕಾರ ನೂರು ವರ್ಷ ತುಂಬದ್ದು ಪ್ರಾಚೀನ ಸ್ಮಾರಕವೇ ಅಲ್ಲ. ನಮ್ಮ ಊರುಗಳನ್ನು ಮುಳುಗಿಸಿದ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ ಎದ್ದದ್ದು 1964ರಲ್ಲಿ. ಆ ಮುಳುಗಡೆಗೆ ನೂರು ತುಂಬುವ 2064ರಲ್ಲಿ, ಮುಳುಗಿದ ಅಂಗಳಗಳಲ್ಲಿ ಆಡಿ ಬೆಳೆದವರು ಯಾರು ಉಳಿದಿರುತ್ತಾರೆ? ಸಾಕ್ಷಿಗಳೆಲ್ಲ ತೀರಿಕೊಂಡ ಮೇಲೆ ಶುರುವಾಗುವ ವಿದ್ಯೆ ನಮಗೆ ಸಾಲದು.

ಕಲ್ಲು ಮತ್ತು ಬಾಯಿಮಾತು ಒಟ್ಟಿಗೆ ಸಿಗುವ ಕಾಲ ಇದೊಂದೇ ಎಂದು ನಾವು ನಂಬುತ್ತೇವೆ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ತೀರಾ ಇಳಿದಾಗ ಅದರಡಿ ಮುಳುಗಿರುವ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೇಲೇಳುತ್ತದೆ, ನೋಡಲು ಜನ ನೆರೆಯುತ್ತಾರೆ. ಅದೇ ನೀರಿನಡಿಯ ತೋಟ, ಬಾವಿ, ಕೊಟ್ಟಿಗೆಗಳು ಯಾರವೆಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.

ಬಳಕೆಯ ವಸ್ತು ನ್ಯಾಯದ ಸಾಕ್ಷಿ ಎಂದು ನಂಬುತ್ತೇವೆ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ. ಆ ಕೊಳಗ ಯಾವ ತಾಮ್ರಶಾಸನಕ್ಕೂ ಕಡಿಮೆಯದಲ್ಲ. ಅಮೆರಿಕದ ಟೂಸಾನ್ ನಗರದಲ್ಲಿ ಪುರಾತತ್ವಜ್ಞ ವಿಲಿಯಂ ರಾಥ್ಜೆ 1973ರಿಂದ ಮನೆಮನೆಯ ಕಸವನ್ನೇ ಪುರಾತತ್ವದ ಶಿಸ್ತಿನಿಂದ ಓದಿಸಿದರು. ನಮ್ಮ ಪೇಟೆಯ ಮುಚ್ಚಿದ ಅಂಗಡಿ, ನಿಂತ ಗಿರಣಿಗಳಿಗೂ ಆ ಗೌರವ ಸಲ್ಲಬೇಕು.

ಕೂಡಿ ಹುಡುಕಿದವರು ಕೂಡಿ ಬಾಳುತ್ತಾರೆ ಎಂದು ನಂಬುತ್ತೇವೆ. ಮುಳುಗಡೆ ನೆರೆಹೊರೆಯನ್ನು ಚದುರಿಸಿತು; ಎಷ್ಟೋ ಸಂತ್ರಸ್ತರಿಗೆ ದಶಕಗಳುದ್ದಕ್ಕೂ ಹಕ್ಕುಪತ್ರ ಸಿಗಲಿಲ್ಲ. ಒಡೆಯರ ಚೌಕಿಮನೆಯೂ ಒಕ್ಕಲಿನ ಗುಡಿಸಲೂ ಒಂದೇ ನಕ್ಷೆಯಲ್ಲಿ ಮೂಡಿದಾಗ ಚದುರಿದವರು ಮತ್ತೆ ಊರಾಗುತ್ತಾರೆ, ಮುಚ್ಚಿಟ್ಟ ಅನ್ಯಾಯಗಳೂ ಬೆಳಕಿಗೆ ಬರುತ್ತವೆ.

ಆದ್ದರಿಂದ ಊರೂರಿನಲ್ಲಿ, ಕೇರಿಕೇರಿಯಲ್ಲಿ ಹಿರಿಯರು ಹೇಳಿದಂತೆ, ಮಕ್ಕಳ ಕೈಯಿಂದ ನಕ್ಷೆ ಬರೆಸುತ್ತೇವೆ. ಗೇಣಿ ಚೀಟಿ, ಫೋಟೋ, ಪಾತ್ರೆ, ಹತಾರಗಳನ್ನು ದಾಖಲಿಸುತ್ತೇವೆ; ವಸ್ತು ಮನೆಯವರ ಬಳಿಯೇ ಉಳಿಯುತ್ತದೆ. ಮನೆಯವರ ಒಪ್ಪಿಗೆಯಿಲ್ಲದೆ ಒಂದು ಹೆಂಚಿನ ಚೂರನ್ನೂ ಕದಲಿಸುವುದಿಲ್ಲ. ದಾಖಲೆ ಮೊದಲು ಊರಿನ ಕೈಗೆ, ಹಕ್ಕು ಕೇಳುವವರ ಕೈಗೆ.

1949ರಲ್ಲಿ ನೀನಾಸಮ್ ರಂಗಸಂಸ್ಥೆ ಕಟ್ಟಿದ ಹೆಗ್ಗೋಡು, ಕಲೆ ಪಟ್ಟಣದಿಂದಲೇ ಬರಬೇಕೆಂದು ಕಾಯಲಿಲ್ಲ. ಇತಿಹಾಸಕ್ಕೂ ನಾವು ಕಾಯುವುದಿಲ್ಲ. ಬನ್ನಿ, ನಿಮ್ಮ ಕೇರಿಯ ಅತಿ ಹಿರಿಯರ ಜಗುಲಿಯಿಂದಲೇ ಕೆಲಸ ಶುರುಮಾಡಿ.