ಅಂಗಳ ಯಾವುದಾದರೇನು, ರಂಗೋಲಿ ಒಂದೇ

ಕಳೆದ ವರ್ಷ ಶಿಷ್ಯವೇತನದ ಅರ್ಜಿಯೊಂದನ್ನು ತಿಕೋಟಾದಲ್ಲಿ ಬೆರಳಚ್ಚು ಮಾಡಿಸಿ, ವಿಜಯಪುರದ ಅಂಗಡಿಯೊಂದರಲ್ಲಿ ಮುದ್ರಿಸಲು ಹೋದೆ. ಪರದೆಯ ಮೇಲೆ ನನ್ನ ಹೆಸರಿನ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದ ತಂದೆಯವರು, “ಅಲ್ಲಿ ಇದ್ದದ್ದು ಇಲ್ಲಿ ಯಾಕ ಇಲ್ಲ?” ಎಂದರು. ಅಕ್ಷರ ಬಾರದ ಅವರ ಪ್ರಶ್ನೆಗೆ ಬಿ.ಎ. ಓದುವ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಇಷ್ಟೆ. ಆ ಕಡತದಲ್ಲಿದ್ದುದು ಕನ್ನಡವಲ್ಲ. ಒಂದು ಅಕ್ಷರಶೈಲಿಯ ತುಣುಕುಗಳ ಸಂಖ್ಯೆಗಳು. ಆ ಶೈಲಿ ಇಲ್ಲದ ಯಂತ್ರಕ್ಕೆ ಅವು ಅರ್ಥಹೀನ.

ಬಬಲೇಶ್ವರದ ನಮ್ಮ ಸೋದರತ್ತೆ ದೂರವಾಣಿಯಲ್ಲಿಯೇ ತಾಯಿಯವರಿಗೆ ರಂಗೋಲಿ ಹೇಳಿಕೊಡುತ್ತಾರೆ: ಏಳು ಚುಕ್ಕಿ, ಏಳು ಸಾಲು, ಹೀಗೆ ಕೂಡಿಸು. ಗೇಣಳತೆ ಹೇಳುವುದಿಲ್ಲ. ಅಂಗಳ ದೊಡ್ಡದಾದರೆ ರಂಗೋಲಿಯೂ ದೊಡ್ಡದಾಗುತ್ತದೆ, ರೂಪ ಕೆಡುವುದಿಲ್ಲ.

ಗಣಕಯಂತ್ರಕ್ಕೂ ಇದೇ ನ್ಯಾಯ ಬೇಕು. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆಯಲ್ಲಿ ತಂತ್ರಾಂಶ ನಡೆಯುವುದು ಒಂದು ಯಂತ್ರದಲ್ಲಿ, ಚಿತ್ರ ಮೂಡುವುದು ಜಾಲದಾಚೆಯ ಇನ್ನೊಂದರಲ್ಲಿ. ಇದು ಅದ್ಭುತವೇ ಸರಿ. ಆದರೆ ಅದರ ಮೂಲ ಆಜ್ಞೆಗಳು ಪರದೆಯ ಪಿಕ್ಸೆಲ್‌ಗಳನ್ನೇ ಎಣಿಸುತ್ತಿದ್ದವು; ಅಂದರೆ ಗೇಣಳತೆಯ ರಂಗೋಲಿ. ಪಿಕ್ಸೆಲ್ ಚಿಕ್ಕದಾದ ಪರದೆಯಲ್ಲಿ ಚಿತ್ರ ಕುಗ್ಗುತ್ತಿತ್ತು. ಕಾಗದಕ್ಕೆ ಬೇರೆ ಏರ್ಪಾಡೇ ಬೇಕಿತ್ತು. ಅಕ್ಷರಗಳನ್ನು ಸಾಲಾಗಿ ಇಡುವುದನ್ನಷ್ಟೇ ಅದು ಬಲ್ಲದು. ಕೆಳಗಿಳಿಯುವ ನಮ್ಮ ಒತ್ತಕ್ಷರದ ನಿಯಮ ಅದಕ್ಕೆ ತಿಳಿಯದು. 2003ರಲ್ಲಿ ಬಂದ ‘ಕೈರೋ’ ಎಂಬ ಮುಕ್ತ ತಂತ್ರಾಂಶವು ಒಂದೇ ಆಜ್ಞೆಯನ್ನು ಪರದೆಗೂ ಮುದ್ರಣಕ್ಕೂ ಪಿ.ಡಿ.ಎಫ್.ಗೂ ಸಲ್ಲುವಂತೆ ಮಾಡಿತು. ಒತ್ತಕ್ಷರ ಜೋಡಿಸುವ ಕೆಲಸವನ್ನು ‘ಪ್ಯಾಂಗೊ’ದಂತಹ ಇನ್ನೊಂದು ತಂತ್ರಾಂಶ ವಹಿಸಿಕೊಂಡಿತು. ಕನ್ನಡದ ಪ್ರತಿ ಅಕ್ಷರಕ್ಕೆ ಸ್ಥಿರ ಸಂಖ್ಯೆಯನ್ನು ಯೂನಿಕೋಡ್ 1991ರಲ್ಲಿಯೇ ಕೊಟ್ಟಿತ್ತು.

‘ಇದು ಇಂಜಿನಿಯರರ ವಿಷಯ, ನಮಗೇಕೆ?’ ಎನ್ನುವ ಮಿತ್ರರಿದ್ದಾರೆ. ಒತ್ತು ಎಲ್ಲಿ ಬೀಳಬೇಕೆಂಬುದನ್ನು ಕನ್ನಡ ಬಲ್ಲವರು ಹೇಳದೆ ಯಂತ್ರಕ್ಕೆ ಯಾರು ಹೇಳಬೇಕು? ಇದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ವೃತ್ತಿಯಿಂದ ಅವರು ವಕೀಲರು; ಅಚ್ಚಿನ ಕೆಲಸ ತಮಗೇಕೆಂದು ಕೂಡಲಿಲ್ಲ. ತಾಡವೋಲೆಯ ವಚನ ಸೀಸದ ಅಚ್ಚಿಗೆ ಬಂದಿತು. ಸಾಧನ ಬದಲಾಯಿತು, ವಚನ ಉಳಿಯಿತು.

ಆದ್ದರಿಂದ ಕಚೇರಿಗಳೂ ಅಂಗಡಿಗಳೂ ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆದಿಡಬೇಕೆಂದು ನಾವು ಕೇಳಬೇಕು. ಮೊದಲು ನಮ್ಮ ಟಿಪ್ಪಣಿಗಳನ್ನೂ ಈ ವಾರ್ಷಿಕ ಸಂಚಿಕೆಯ ಲೇಖನಗಳನ್ನೂ ಹಾಗೆ ಬರೆಯೋಣ. ನಾನು ಅಂದು ಎರಡನೆಯ ಸಲ ಬೆರಳಚ್ಚಿನ ಹಣ ಕೊಟ್ಟೆ. ಅದು ತಂದೆಯವರ ಕೂಲಿಯ ಹಣ.