ಕಲ್ನಾರಿನ ಧೂಳು ಯಾರ ಪಾಲಿಗೆ?

ಕನ್ನಡದಲ್ಲಿ ಆಸ್‌ಬೆಸ್ಟಾಸ್‌ಗೆ ಒಂದು ಚೆಂದದ ಹೆಸರಿದೆ: ಕಲ್ನಾರು. ಕಲ್ಲಿನಲ್ಲಿರುವ ನಾರು. ಆದರೆ ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಅಲ್ಲಿ ಅದು ಬರೀ ಸಿಮೆಂಟ್ ಶೀಟು. ನನ್ನ ತಕರಾರು ಶುರುವಾಗುವುದೇ ಇಲ್ಲಿ. ಹೆಸರಿನಿಂದ ನಾರು ಉದುರಿಹೋಯಿತು, ಅದರ ಜೊತೆಗೆ ಭಯವೂ.

ಎರಡು ವರ್ಷದ ಹಿಂದೆ ಊರಿನ ಹಳೇ ಮನೆಯ ಬಚ್ಚಲಿನ ಮೇಲಿದ್ದ ಶೀಟು ತೆಗೆಸಲು ಇಬ್ಬರು ಕೂಲಿಯವರನ್ನು ಕರೆಸಿದ್ದೆ. ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. "ಒಡೆದುಬಿಡ್ಲಾ ಸಾರ್?" ಅಂದರು. ಹೂಂ ಅಂದೆ. ಅವರು ಮೂಗಿಗೆ ಟವೆಲ್ ಸುತ್ತಿಕೊಂಡು ಸುತ್ತಿಗೆ ಬೀಸಿದರು. ನಾನು ಧೂಳು ಬರುತ್ತದೆಂದು ಕಿಟಕಿ ಮುಚ್ಚಿಕೊಂಡು ಒಳಗೆ ಕೂತೆ. ಆ ಕಿಟಕಿ ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ. ಚೂರುಗಳು ಬೀದಿಯ ಗುಂಡಿಗೆ ಹೋದವು. ಬೀದಿಯವರಿಗೆ ಖುಷಿಯೋ ಖುಷಿ.

ಆ ಶೀಟಿನಲ್ಲಿ ನೂರಕ್ಕೆ ಎಂಟು ಹತ್ತು ಪಾಲು ಕಲ್ನಾರು ಇರುತ್ತದೆ. ಅದರ ಎಳೆ ಉಸಿರಿನ ಜೊತೆ ಒಳಹೋಗಿ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು, ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ತರಬಲ್ಲದು. ಕಾಣಿಸಿಕೊಳ್ಳಲು 20, 30, 40 ವರ್ಷ ಹಿಡಿಯಬಹುದು. ಅಷ್ಟು ಹೊತ್ತಿಗೆ ಆ ಇಬ್ಬರು ಎಲ್ಲಿರುತ್ತಾರೋ! ಯಾರ ಮನೆಯ ಶೀಟು ಒಡೆದಿದ್ದೆ ಎಂದು ಯಾವ ಡಾಕ್ಟರು ಕೇಳುತ್ತಾರೆ? ಕಲ್ನಾರು ಕಾರ್ಖಾನೆಗಳು ತಮ್ಮ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ದಿನಗೂಲಿಯವರ ದಾಖಲೆ ಇಡುವವರು ಯಾರು?

ಸಿಮೆಂಟಿನೊಳಗೆ ಬಿಗಿದ ನಾರು ಹೊರಗೆ ಬರುವುದಿಲ್ಲ ಎನ್ನುತ್ತಾರೆ ಮಾರುವವರು. ಶೀಟು ಇಡಿಯಾಗಿರುವ ತನಕ ಅದು ಬಹುಮಟ್ಟಿಗೆ ನಿಜ. ಆದರೆ ನಮ್ಮಲ್ಲಿ ಯಾವ ಶೀಟು ಇಡಿಯಾಗಿ ಉಳಿಯುತ್ತದೆ? ಕೋತಿ ಹಾರುತ್ತದೆ, ತೆಂಗಿನಕಾಯಿ ಬೀಳುತ್ತದೆ, ಪಾಚಿ ಕಟ್ಟಿತೆಂದು ತಂತಿ ಬ್ರಷ್ಷು ಹಿಡಿದು ಉಜ್ಜುತ್ತೇವೆ, ಕೊನೆಗೆ ನನ್ನಂಥವನೊಬ್ಬ ಸುತ್ತಿಗೆಗೆ ಹೂಂ ಅನ್ನುತ್ತಾನೆ. ಇದು ಬಡವರ ಸೂರು ಎಂಬ ಇನ್ನೊಂದು ವಾದವಿದೆ. ಒಡೆಯುವ ಕೂಲಿಯವನೂ ಬಡವನೇ ಅಲ್ಲವೇ? ಕಲ್ನಾರಿಲ್ಲದ ಶೀಟುಗಳೂ ಮಾರುಕಟ್ಟೆಯಲ್ಲಿವೆ.

ಸರ್ಕಾರದ ಜಾಣತನ ನೋಡಿ. ಕಲ್ನಾರಿನ ಹೊಸ ಗಣಿ ಗುತ್ತಿಗೆ 1986ರಲ್ಲೇ ನಿಂತಿತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಕಲ್ನಾರಿನ ಕಸವನ್ನು ಹೊರದೇಶದಿಂದ ತರುವಂತಿಲ್ಲ. ಆದರೆ ರಷ್ಯಾದಿಂದ ಹಸಿ ಕಲ್ನಾರು ಹಡಗಿನಲ್ಲಿ ಬರುತ್ತಲೇ ಇದೆ. ನಮ್ಮ ನೆಲದಿಂದ ಅಗೆದರೆ ತಪ್ಪು, ಕಸವಾಗಿ ತಂದರೆ ತಪ್ಪು, ತಲೆಯ ಮೇಲೆ ಹೊದಿಸಿಕೊಂಡರೆ ಸರಿ! 60ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ.

ಸರ್ಕಾರವನ್ನು ಬೈದು ನಾನು ಪಾರಾಗಲಾರೆ. ಈ ವರ್ಷ ಸೌದೆ ಕೊಟ್ಟಿಗೆಯ ಮೇಲಿನ ಶೀಟು ಇಳಿಸಬೇಕಾಯಿತು. ಅದೇ ಇಬ್ಬರನ್ನು ಕರೆದು ಮೊದಲು ವಿಷಯ ಹೇಳಿದೆ. ಟವೆಲ್ಲಿಗೆ ಈ ಎಳೆ ನಿಲ್ಲುವುದಿಲ್ಲ, ಎಫ್‌ಎಫ್‌ಪಿ-3 ದರ್ಜೆಯ ಮಾಸ್ಕ್ ಬೇಕು. ಮೂರು ತರಿಸಿದೆ, ಮೂರನೆಯದು ನನಗೆ. ಸೋಪು ಬೆರೆಸಿದ ನೀರನ್ನು ಮೆಲ್ಲಗೆ ಚಿಮುಕಿಸಿ ಶೀಟು ನೆನೆಸಿದೆವು. ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಕೆಳಗೆ ಬೀಳುತ್ತಾರೆ, ಹಾಗಾಗಿ ಕೆಲಸವೆಲ್ಲ ಏಣಿಯಿಂದಲೇ. ಶೀಟಿಗೆ ಗರಗಸ ತಾಗಿಸದೆ ಬೋಲ್ಟನ್ನಷ್ಟೇ ಕತ್ತರಿಸಿ, ಒಂದೊಂದನ್ನೂ ಕೈಯಿಂದ ಕೈಗೆ ಇಡಿಯಾಗಿ ಇಳಿಸಿದೆವು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಅಂಟುಪಟ್ಟಿ ಹಾಕಿದೆವು. ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಕಟ್ಟಿಟ್ಟೆವು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಲು ಬಿಡಲಿಲ್ಲ. ಅದರ ಧೂಳು ಹೆಂಡತಿ ಮಕ್ಕಳ ಮೂಗಿಗೂ ಹೋಗುತ್ತದೆ. ಅರ್ಧ ದಿನದ ಕೆಲಸ ಒಂದೂವರೆ ದಿನವಾಯಿತು. ನಾನು ಆವತ್ತು ಉಳಿಸಿದ್ದು ಬರೀ ಒಂದು ದಿನದ ಕೂಲಿ.

ಇನ್ನು ಎಸೆಯುವುದೆಲ್ಲಿ? ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯ ಹೂಳಲು ದಾಬಸ್‌ಪೇಟೆಯಲ್ಲಿ ಜಾಗವಿದೆ. ಹಿತ್ತಲ ಬಚ್ಚಲಿನವರು ಯಾರನ್ನು ಕೇಳಬೇಕು? ಶೀಟು ಮಾರಿ ಲಾಭ ಮಾಡಿದ ಕಂಪನಿಗಳೇ ಹಳೆಯ ಶೀಟನ್ನು ವಾಪಸು ಒಯ್ಯಲಿ ಎಂದು ಕಾನೂನು ಮಾಡುವುದಕ್ಕೆ ಏನು ಅಡ್ಡಿ? ನಮ್ಮೂರಿನ ಕಸದ ಗಾಡಿಯವರು, "ಇದು ನಮ್ದಲ್ಲ ಸಾರ್, ಯಾವ್ದಾದ್ರೂ ಗುಂಡಿಗೆ ಹಾಕ್ಬಿಡಿ" ಅಂದು ಮುಂದೆ ಹೋದರು. ಹದಿನಾಲ್ಕು ಶೀಟು ಹಿತ್ತಲ ಗೋಡೆಗೆ ಒರಗಿ ನಿಂತಿವೆ. ಪ್ಲಾಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದೇನೆ: ಕಲ್ನಾರು, ಒಡೆಯಬೇಡಿ.