ಸೂಲಗಿತ್ತಿಯ ಕಾಯಕಕ್ಕೆ ಮನ್ನಣೆ ಎಂದು?

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಪ್ರತಿಫಲ ಬಯಸದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ತಾಯಿ ಅವರು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮನ್ನಗಲಿದರು. ನಾಡು ಅವರಿಗೆ ಕೈಮುಗಿಯಿತು. ಆದರೆ ಆ ಕಾಯಕವನ್ನು ಮುಂದುವರಿಸುವವರಿಗೆ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಯಾವ ಸ್ಥಾನವಿದೆ?

ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವವರು ನಾವಲ್ಲ. ಹೆರಿಗೆಯ ನಂತರದ ರಕ್ತಸ್ರಾವ ಒಂದೆರಡು ತಾಸಿನಲ್ಲಿ ಜೀವ ತೆಗೆಯಬಲ್ಲದು. 2001-03ರಲ್ಲಿ ಕರ್ನಾಟಕದಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಅದು 69ಕ್ಕೆ ಇಳಿಯಿತು. 2005ರ ಜನನಿ ಸುರಕ್ಷಾ ಯೋಜನೆ, 108 ಆಂಬ್ಯುಲೆನ್ಸ್, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯನ್ನು ಉಚಿತಗೊಳಿಸಿದ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಇವುಗಳ ಉಪಕಾರವನ್ನು ಮರೆಯಲಾಗದು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಒಟ್ಟು ಹೆರಿಗೆಗಳಲ್ಲಿ ಶೇ. 31.5 ಶಸ್ತ್ರಚಿಕಿತ್ಸೆಯಿಂದ. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ಇಷ್ಟೊಂದು ತಾಯಂದಿರ ಒಡಲಿಗೆ ಕತ್ತರಿ ತಾಗಲೇಬೇಕಿತ್ತೆ?

ಇದಕ್ಕೆ ಒಂದು ಕಾರಣ ಹಣ ಹರಿಯುವ ದಾರಿಯಲ್ಲಿದೆ. ಆಯುಷ್ಮಾನ್ ಭಾರತ್ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುವುದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಯನ್ನು. ತಿಂಗಳುಗಟ್ಟಲೆ ಗರ್ಭಿಣಿಯ ಮನೆಗೆ ಬಂದು ಪರೀಕ್ಷಿಸಿ, ನೋವಿನ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು, ಬಾಣಂತಿಗೆ ಹಾಲೂಡಿಸಲು ಕಲಿಸುವ ಕೈಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಜನನಿ ಸುರಕ್ಷಾ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನವರ ಮನೆ ಹೆರಿಗೆಗೆ ಇಟ್ಟಿರುವ 500 ರೂಪಾಯಿಯೂ ತಾಯಿಗೆ ಸಲ್ಲುವಂಥದ್ದು, ಹೆರಿಗೆ ಮಾಡಿಸಿದವಳಿಗಲ್ಲ. ಹಾಸಿಗೆಗೆ ಬೆಲೆ ಕಟ್ಟಿದ್ದೇವೆ, ಆರೈಕೆಗೆ ಕಟ್ಟಿಲ್ಲ.

ದಾರಿ ಕಾಣದೆ ಇಲ್ಲ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಹೊರಡಿಸಿ, ದಾದಿಯರಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆಯನ್ನು ಅವರಿಗೇ ಒಪ್ಪಿಸುವ ಯೋಜನೆ ರೂಪಿಸಿತು. ಆದರೆ ಅದು ನಿಂತಿರುವುದೂ ದೊಡ್ಡ ಆಸ್ಪತ್ರೆಗಳ ಅಂಗಳದಲ್ಲಿ. ನ್ಯೂಜಿಲೆಂಡಿನಲ್ಲಿ 1990ರ ಕಾನೂನು ಇಂತಹ ಪ್ರಸೂತಿ ದಾದಿಯರಿಗೆ ಸ್ವತಂತ್ರವಾಗಿ ಕೆಲಸ ಮಾಡುವ ಹಕ್ಕು ಕೊಟ್ಟಿತು. ಹೆರಿಗೆ ಮನೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ಅವರ ಸೇವೆಯ ವೆಚ್ಚ ಸರ್ಕಾರದ್ದು.

ನಮ್ಮ ಮಲೆನಾಡಿನ ಒಂಟಿಮನೆಗಳಿಗೂ ಕಾಡಂಚಿನ ಹಾಡಿಗಳಿಗೂ ಮಳೆಗಾಲದಲ್ಲಿ ಜಿಲ್ಲಾಸ್ಪತ್ರೆ ದೂರದ ಮಾತು. ಆದುದರಿಂದ ನಾವು ಕೇಳುವುದು ಇಷ್ಟು: ತರಬೇತಿ ಪಡೆದ ದಾದಿಯರ ಹೆರಿಗೆ ಕೇಂದ್ರಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಇಳಿದು ಬರಲಿ, ಗರ್ಭದಿಂದ ಬಾಣಂತನದವರೆಗಿನ ಅವರ ಸೇವೆಗೆ ಸರ್ಕಾರಿ ವಿಮೆ ಅನ್ವಯಿಸಲಿ, ತೊಡಕಿನ ಲಕ್ಷಣ ಕಂಡೊಡನೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಲು ವಾಹನ ಸಿದ್ಧವಿರಲಿ. ಈ ಮೂರನೆಯದಿಲ್ಲದೆ ಮೊದಲೆರಡನ್ನು ನಾವೂ ಒಪ್ಪಲಾರೆವು.

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಗರ್ಭಿಣಿಯಿದ್ದರೆ ತಾಯಿ ಕಾರ್ಡನ್ನು ಬೇಗ ಮಾಡಿಸಿರಿ, ತಪಾಸಣೆ ತಪ್ಪಿಸದಿರಿ, ಶಸ್ತ್ರಚಿಕಿತ್ಸೆ ಬೇಕೆಂದಾಗ ಏಕೆಂದು ವಿನಯದಿಂದ ಕೇಳಿರಿ. ಕೇಳುವುದು ವೈದ್ಯರಿಗೆ ತೋರುವ ಅಗೌರವವಲ್ಲ, ತಾಯಿಯ ಹಕ್ಕು.